ಮೂರು ಕೂಗು

ಅಥಣಿ ಕೋರ್ಟಿನ ಬಾಗಲಾಗ ನಿಂತು
ಇಪ್ಪತ್ತಾರು ವರ್ಷ ಹೆಸರು ಕೂಗೇನಿ.
ಒಂದೊಂದು ಹೆಸರು ಮೂರು ಸಲ,
ಹೆಚ್ಚಿಲ್ಲ, ಕಡಿಮಿಲ್ಲ.
ಮೂರನೇದು ಮುಗಿಯೂದ್ರೊಳಗ ಮಂದಿ ಬರಬೇಕು,
ಬರಲಿಲ್ಲಂದ್ರ ಒಳಗ ಸಾಹೇಬ್ರ ಪೆನ್ನು
ಒಂದ ಒಂದು ಶಬ್ದ ಬರೀತೈತಿ.

ನಮ್ಮಪ್ಪ ಹಲಿಗಿ ಬಾರಿಸಿ ಡಂಗುರ ಸಾರಾಂವ.
ಜಪ್ತಿ ಮಾಲಿನ ಲಿಲಾವು ಇದ್ದ ದಿನ
ಗೌಡ್ರ ಮನಿ ಆಳು ಬಂದು ಎರಡು ಸೇರು ಜ್ವಾಳ ಇಟ್ಟು
"ಮ್ಯಾಗಿನ ಓಣ್ಯಾಗ ಅಷ್ಟ ಸಾರು, ಸಾಕು" ಅಂದಿದ್ನಂತ.
ಅಪ್ಪ ಜ್ವಾಳ ತಗೊಂಡ.
ಸಾರಿದ್ದು ಎಲ್ಲಾ ಓಣ್ಯಾಗ.
ಮುಂದ ಏನಾತು ಅಂತ ಅವ ಹೇಳಲಿಲ್ಲ,
ಬಲಗೈ ಕಿರಿಬೆರಳು ಮಾತ್ರ
ಸಾಯೂತನಕ ನೆಟ್ಟಗಾಗಲಿಲ್ಲ.

ನನಗ ಯಾರೂ ಜ್ವಾಳ ಇಡಲಿಲ್ಲ.
ಅವತ್ತು ನೆಗಡಿ ಆಗಿತ್ತು, ಅಷ್ಟ.

ಸತ್ತಿ ಊರಿನ ಕಾಶವ್ವ ರಾಯಪ್ಪ ಹುದ್ದಾರ,
ಹೊಳಿದಂಡಿ ಎರಡು ಎಕರೆ ಹನ್ನೊಂದು ಗುಂಟೆ.
ಎದುರುಗಡೆ, ಆಗ ರಾಜ್ಯ ಆಳೂ ಪಕ್ಷದ ತಾಲೂಕಾ ಮುಖಂಡ.
ಮುಂಜಾನಿಂದ ಕುಂತಾಕಿ ನೀರು ಕುಡ್ಯಾಕ
ಬೇವಿನ ಗಿಡದ ಆಚಿ ನಳದ ಕಡೆ ಹೋಗಿದ್ಲು.
ನಾ ಕೂಗಿದ್ನಿ. ಮೂರು ಸಲ. ಎಣಿಸೇನಿ.
ದನಿ ಹೊಸ್ತಿಲಾ ದಾಟಲಿಲ್ಲ,
ತೂತಾದ ಸೈಕಲ್ ಟ್ಯೂಬಿನಂಗ ಬರೇ ಗಾಳಿ.
ಸೆರಗಿಂದ ಬಾಯಿ ಒರಸ್ಕೋಂತ ಆಕಿ ಬರೂದ್ರೊಳಗ
ಪೆನ್ನು ಬರದಿತ್ತು: ವಜಾ.

ಸಂಜಿಗೆ ಚಾದಂಗಡ್ಯಾಗ ನನ್ನ ಗಂಟಲಿಗೆ ರೇಟು ಕಟ್ಟಿದ್ರು.
ಐದು ಸಾವಿರ ಅಂದ ಒಬ್ಬ, ಹತ್ತು ಅಂದ ಇನ್ನೊಬ್ಬ.
ಇಲ್ಲ, ಜಡ್ಡಾಗಿತ್ತು ಪಾಪ, ಅಂದವರೆಲ್ಲಾ
ಆ ಮುಖಂಡನ ಪಕ್ಷದವರು.
ನನ್ನ ಪರವಾಗಿ ನಿಂತವರನ್ನ ನೋಡೇ
ನನಗ ನನ್ನ ಮ್ಯಾಲೆ ಸಂಶೆ ಬಂತು.

ಸರಕಾರ ಬದಲಾತು.
ಅದ ಚಾದಂಗಡಿ, ಅದ ಮಂದಿ.
"ಕೋರ್ಟು ಮಾರಿಕೊಂಡೈತಿ" ಅನ್ನೂ ಮಾತು ಮಾತ್ರ
ಈ ಬಾಕಿಂದ ಎದ್ದು ಆ ಬಾಕಿಗೆ ಹೋಗಿ ಕುಂತಿತ್ತು.

ಡಿಸೆಂಬರದಾಗ ಮಗಳ ಸಾಲಿ ಹುಡುಗ್ರ ಜೋಡಿ
ಬೆಳಗಾವಿ ಸುವರ್ಣಸೌಧ ನೋಡಾಕ ಹೋಗಿದ್ನಿ.
ಗ್ಯಾಲರ್ಯಾಗ ಕುಂತು ಕೆಳಗ ನೋಡಿದ್ರ
ಕಾಗದ ಹರಿಯಾಂವ ಒಬ್ಬ, ಹರೀಬಾರದು ಅನ್ನಾಂವ ಒಬ್ಬ.
"ಹೋದ ಸಲ ಹರದಾಂವ ಆ ಇನ್ನೊಬ್ಬ" ಅಂತ
ಮಾಸ್ತರು ಮೆಲ್ಲಕ ಅಂದ್ರು. ಹುಡುಗ್ರಿಗೆ ಕೇಳಲಿಲ್ಲ.
ಊಟ ಆದಮ್ಯಾಲೆ ಕೋರಂ ಗಂಟಿ ಶುರುವಾತು,
ಹೊಡಕೋಂತ, ಹೊಡಕೋಂತ ಹೋತು.
ಆ ಕಡೆ ಕುರ್ಚಿಗೂ ಅದ ದನಿ, ಈ ಕಡೆ ಕುರ್ಚಿಗೂ ಅದ ದನಿ.
ಗಂಟಿಗೆ ನೆಗಡಿ ಆಗೂದಿಲ್ಲ.
ಕೇಳಿ ಬರಾಕ ಯಾರೂ ಇರಲಿಲ್ಲ.
ಕಸ ಆರಿಸೂ ಹೆಣ್ಣಮಗಳು ಒಬ್ಬಾಕಿ
ಎರಡೂ ಕಡೆ ಹರಕ ಕಾಗದ
ಒಂದ ಚೀಲಕ್ಕ ತುಂಬತಿದ್ಲು.

ಕಾಶವ್ವ ಬರತಾಳ.
ಅರ್ಜಿ ಕೊಟ್ಟು, ದಂಡ ಕಟ್ಟಿ,
ದಾವೆಕ್ಕ ಮತ್ತ ಜೀವ ತುಂಬಿಸ್ಯಾಳ.
ಈಗ ಗಿಡದ ಕೆಳಗ ಕುಂಡ್ರೂದಿಲ್ಲ.
ನೀರಿನ ಬಾಟ್ಲಿ ಚೀಲದಾಗ ಇಟ್ಕೊಂಡು
ಹೊಸ್ತಿಲಕ್ಕ ಬೆನ್ನು ಹಚ್ಚಿ ನನ್ನ ಕಾಲ ಹತ್ರ ಕುಂಡ್ರತಾಳ.
"ಯಾಕಬೇ, ನನ್ನ ಮ್ಯಾಲೆ ನಂಬಿಕಿ ಇಲ್ಲೇನು?"
ಅಂತ ಒಮ್ಮೆ ಕೇಳೇಬಿಟ್ನಿ.
ಆಕಿ ನನ್ನ ಕುತಗಿ ಅಷ್ಟ ನೋಡಿದ್ಲು.
ಉಡಿಯಿಂದ ಒಂದು ಚೂರು ಒಣಶುಂಠಿ ತಗದು
"ಕೂಗೂಕಿಂತ ಮೊದಲ ಬಾಯಾಗ ಇಟ್ಕೋ" ಅಂದ್ಲು.

ಇದು ಲಂಚ ಏನು? ಅಪ್ಪನ ಜ್ವಾಳ ನೆನಪಾತು.
ಕಿರಿಬೆರಳೂ ನೆನಪಾತು.
ತಗೊಂಡು ದವಡಿಗೆ ಒತ್ತರಿಸಿಕೊಂಡ್ನಿ.
ಇವತ್ತು ಆಕಿದು ನಲವತ್ತನೇ ನಂಬರ.
ಅದಕ್ಕಿಂತ ಮೊದಲ ಮೂವತ್ತೊಂಬತ್ತು ಖಟ್ಲೆದ ಮಂದಿಗೆ
ಇದ ಶುಂಠಿಯಾಗ ಕೂಗಬೇಕು.